ಮೂವತ್ತೆಂಟು ಹಸಿರು ಕಾರ್ಡು

ಇಪ್ಪತ್ತಾರು ವರ್ಷ ಪಾಠ ಮಾಡಿದ ಗಣಿತದ ಮೇಷ್ಟ್ರಿಗೆ ಒಂದೇ ಒಂದು ಹೆಮ್ಮೆಯಿತ್ತು. ಅವರ ತರಗತಿಯಲ್ಲಿ ಅರ್ಥವಾಗದವರು ಅಂತ ಯಾರೂ ಇರಲಿಲ್ಲ. ಸುಮ್ಮನೆ ಜಂಬ ಕೊಚ್ಚಿಕೊಳ್ಳುವ ಜಾಯಮಾನ ಅವರದಲ್ಲ. ದಿನಕ್ಕೆ ನಾಲ್ಕು ಸಲ ಮಕ್ಕಳ ಬಾಯಿಂದಲೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಲೆಕ್ಕ ಮುಗಿಸುವುದು, ಸೀಮೆಸುಣ್ಣ ಕೆಳಗಿಡುವುದು, ಜೇಬಿನಿಂದ ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ "ಅರ್ಥ ಆಯ್ತಾ?" ಎನ್ನುವುದು. ಕೂಡಲೇ ಇಡೀ ಏಳನೇ ತರಗತಿ, ಕಿಟಕಿ ಗಾಜು ಅದುರುವ ಹಾಗೆ, "ಆಯ್ತು ಸಾರ್!" ಎನ್ನುತ್ತಿತ್ತು. ಮೂವತ್ತೆಂಟು ಗಂಟಲು, ಒಂದೇ ಸ್ವರ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಮೇಷ್ಟ್ರಿಗೆ ಊಟ ಮಾಡಿದಷ್ಟು ತೃಪ್ತಿ.

ಪರೀಕ್ಷೆಯಲ್ಲಿ ಮಾತ್ರ ಅದೇ ಮಕ್ಕಳು ಗುಂಪುಗುಂಪಾಗಿ ನಪಾಸಾಗುತ್ತಿದ್ದರು. ಅದಕ್ಕೂ ಮೇಷ್ಟ್ರ ಹತ್ತಿರ ಉತ್ತರ ಸಿದ್ಧವಿತ್ತು. ಅರ್ಥವೇನೋ ಆಗಿತ್ತು, ಪರೀಕ್ಷೆ ದಿನ ಗಾಬರಿ ಬಿದ್ದರು, ಅಷ್ಟೇ. ಇಪ್ಪತ್ತಾರು ವರ್ಷದಿಂದ ಪ್ರತಿ ವರ್ಷವೂ ಗಾಬರಿ ಬೀಳುತ್ತಿದ್ದಾರಲ್ಲ ಅಂತ ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ಕೇಳುವವರು ಒಂದು ಸೋಮವಾರ ಬಂದರು. ಇಲಾಖೆಯಿಂದ ಬಂದ ತಪಾಸಣೆಯ ಮೇಡಂ. ಎತ್ತರದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಕಂಕುಳಲ್ಲಿ ದಪ್ಪ ಕಡತ. ಹನ್ನೊಂದು ಜನ ಶಿಕ್ಷಕರನ್ನು ಸಿಬ್ಬಂದಿ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಕಡತದಿಂದ ಒಂದು ಹಾಳೆ ತೆಗೆದು ಓದಿದರು: "ಗ್ರಹಿಕೆಯ ಸಾತತ್ಯದ ಖಚಿತೀಕರಣವನ್ನು ಬೋಧನೆಯ ಅಂತರ್ಗತ ಪ್ರಕ್ರಿಯೆಯನ್ನಾಗಿಸುವ ಮೂಲಕ ಕಲಿಕಾ ಫಲಗಳ ಸೂಚ್ಯಂಕವನ್ನು ಸಮೀಕರಿಸತಕ್ಕದ್ದು." ಓದಿ ತಲೆಯೆತ್ತಿ "ಅರ್ಥ ಆಯ್ತಾ?" ಎಂದರು.

"ಆಯ್ತು ಮೇಡಂ!" ಎಂದವು ಹನ್ನೊಂದು ಗಂಟಲು. ಎಲ್ಲರಿಗಿಂತ ಮೊದಲು ಎದ್ದದ್ದು ನಮ್ಮ ಮೇಷ್ಟ್ರ ದನಿ.

ಆಮೇಲೆ ಮೇಡಂ ಒಂದು ಪೆಟ್ಟಿಗೆ ಬಿಚ್ಚಿ ಬಣ್ಣದ ಕಾರ್ಡುಗಳನ್ನು ಹಂಚಿದರು. ಪ್ರತಿ ಮಗುವಿಗೂ ಮೂರು. ಅರ್ಥವಾದರೆ ಹಸಿರು, ಅರೆಬರೆ ಆದರೆ ಹಳದಿ, ಆಗದಿದ್ದರೆ ಕೆಂಪು ಎತ್ತಬೇಕು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿ ಬರೆದು, ಹೋಗುವಾಗ ಮೇಷ್ಟ್ರ ಕೈಗೆ ಕೊಡಬೇಕು: ಇವತ್ತು ಏನು ತಿಳಿಯಿತು, ಏನು ತಿಳಿಯಲಿಲ್ಲ. "ಶುಕ್ರವಾರ ಮತ್ತೆ ಬರ್ತೀನಿ," ಎಂದು ಹೇಳಿ, ಕಡತ ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು.

ಅವರು ಹೋದ ಮೇಲೆ ಹೆಡ್‌ಮಿಸ್ಸು ಮೇಷ್ಟ್ರನ್ನು ಒಳಗೆ ಕರೆದರು. ಹೆಡ್‌ಮಿಸ್ಸು ಕೆಟ್ಟವರಲ್ಲ, ಆದರೆ ಕೆಟ್ಟ ಸುದ್ದಿ ಹೇಳುವಾಗ ಮೇಜಿನ ಮೇಲಿನ ಗುಂಡುಸೂಜಿಗಳನ್ನು ಎಣಿಸುವ ಅಭ್ಯಾಸ ಅವರಿಗೆ. ಅವತ್ತು ಎಣಿಸತೊಡಗಿದರು.

"ಮೇಷ್ಟ್ರೇ, ಹೋದ ಪರೀಕ್ಷೆಲಿ ಏಳನೇ ಕ್ಲಾಸಿನ ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಭಿನ್ನರಾಶಿಲಿ ಸೊನ್ನೆ. ಶುಕ್ರವಾರ ಅವರು ನಿಮ್ಮ ಕ್ಲಾಸಲ್ಲೇ ಕೂರ್ತಾರಂತೆ. ಮಕ್ಕಳಿಗೆ ಅರ್ಥ ಆಗ್ತಿಲ್ಲ ಅಂತ ಕಂಡ್ರೆ ಆ ಕ್ಲಾಸು ಹೊಸ ಟೀಚರಿಗೆ ಹೋಗುತ್ತೆ."

"ನಾನು?"

"ನೀವು ಉಪಕರಣದ ಕೋಣೆ ನೋಡ್ಕೋತೀರಿ."

ಉಪಕರಣದ ಕೋಣೆಯೆಂದರೆ ಮೆಟ್ಟಿಲ ಕೆಳಗಿನ ಗೂಡು. ಕಿಟಕಿಯಿಲ್ಲ. ಒಳಗೆ ಸುರುಳಿ ಸುತ್ತಿದ ಭೂಪಟಗಳು, ಅಕ್ಷದಿಂದ ಕಳಚಿದ ಒಂದು ಗೋಳ, ಎಡಗೈ ಕಳೆದುಕೊಂಡ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ನಾಲ್ಕು ವರ್ಷ ಆ ಅಸ್ಥಿಪಂಜರದ ಎದುರು ಕೂರಬೇಕು. ಅವರಿಗೆ ಪಾಠ ಮಾಡುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದು ಬರುತ್ತದೆ ಅಂತ ಅವರು ನಂಬಿದ್ದರು, ಪಾಪ.

ಮಂಗಳವಾರ ಕಾರ್ಡು ಹಂಚಿ, ಮೂರನೇ ಒಂದು, ನಾಲ್ಕನೇ ಒಂದು ಎಂದೆಲ್ಲ ಬೋರ್ಡಿನ ತುಂಬ ಬರೆದು, ಕರವಸ್ತ್ರ ತೆಗೆದು "ಅರ್ಥ ಆಯ್ತಾ?" ಎಂದರು. ಮೂವತ್ತೆಂಟು ಹಸಿರು ಕಾರ್ಡು ಮೇಲೆದ್ದವು. ತರಗತಿ ಹೊಲದಂತೆ ಕಂಡಿತು. ಒಂದು ಕ್ಷಣ ಮೇಷ್ಟ್ರಿಗೆ ಹಿಗ್ಗಾಯಿತು. ಮರುಕ್ಷಣ ಇಪ್ಪತ್ತೊಂಬತ್ತು ಸೊನ್ನೆ ನೆನಪಾಯಿತು.

"ನಿಜ ಹೇಳಿ, ಹೆದರ್ಬೇಡಿ. ಅರ್ಥ ಆಗ್ದೇ ಇರೋರು ಕೆಂಪು ಎತ್ತಿ."

ಯಾರೂ ಮಿಸುಕಲಿಲ್ಲ.

"ಕೆಂಪು ಎತ್ತಿ ಅಂದ್ನಲ್ಲ!"

ಮೂವತ್ತೆಂಟು ಕೆಂಪು ಕಾರ್ಡು ಎದ್ದವು.

"ಅಯ್ಯೋ, ಎಲ್ರೂ ಅಲ್ಲ ಕಣ್ರೋ!"

ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ತುತ್ತೂರಿ ಹಿಂದೆ ತಿರುಗಿ ಏನೋ ಸನ್ನೆ ಮಾಡಿದ. ತುತ್ತೂರಿ ಅಂದರೆ ತರಗತಿಯ ನಾಯಕ; ಅವನ ಗಂಟಲಿಗೆ ಆ ಹೆಸರು ಅನ್ವರ್ಥ. ಸನ್ನೆ ಹಿಂದಿನ ಬೆಂಚು ಮುಟ್ಟಿದ್ದೇ ತಡ, ಮೂವತ್ತೆಂಟು ಹಳದಿ ಕಾರ್ಡು ಮೇಲೆದ್ದವು. ಮೇಷ್ಟ್ರ ಮನಸ್ಸು ನೋಯಿಸದಂತೆ ಒಂದು ರಾಜಿ. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

ಸಂಜೆ ಮನೆಯಲ್ಲಿ ಚೀಟಿಗಳ ಕಟ್ಟು ಬಿಚ್ಚಿದರು. ಹೆಂಡತಿ ಪಕ್ಕದಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯ ಅರ್ಧ ಜನ ತೊಡುವ ಬಟ್ಟೆ ಅವಳು ಹೊಲಿದದ್ದು. ಇಬ್ಬರು ಹುಡುಗಿಯರು ಅವಳ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದರು. ಮೇಷ್ಟ್ರು ಮೊದಲ ಚೀಟಿ ಓದಿದರು: "ಎಲ್ಲಾ ಅರ್ಥ ಆಯ್ತು. ಅರ್ಥ ಆಗದ್ದು ಏನೂ ಇಲ್ಲ." ಎರಡನೆಯದರಲ್ಲೂ ಅದೇ. ಹನ್ನೆರಡನೆಯದರಲ್ಲೂ ಅದೇ. ಮೂವತ್ತೇಳು ಚೀಟಿಯೂ ಒಂದೇ ಅಚ್ಚಿನವು. ಮೂವತ್ತೆಂಟನೆಯದರಲ್ಲಿ ಮಾತ್ರ, ಇರುವೆ ನಡೆದಂಥ ಸಣ್ಣ ಅಕ್ಷರದಲ್ಲಿ, "ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ ಸಾರ್? ಆದ್ರೆ" ಎಂದು ಬರೆದು, ಗಾಬರಿಯಿಂದ ಹೊಡೆದು ಹಾಕಿ, ಕೆಳಗೆ "ಎಲ್ಲಾ ಅರ್ಥ ಆಯ್ತು" ಎಂದು ಬರೆದಿತ್ತು. ಅದು ಎಲ್ಲರೂ ಪಿಸುಮಾತು ಎಂದು ಕರೆಯುತ್ತಿದ್ದ ಹುಡುಗಿಯ ಚೀಟಿ. ಆ ಹುಡುಗಿ ಹಾಜರಿ ಕೂಗಿದರೂ ಪಕ್ಕದವಳಿಗಷ್ಟೇ ಕೇಳುವಂತೆ ಓಗೊಡುತ್ತಿದ್ದಳು. ವರ್ಷವೆಲ್ಲ ಹಾಜರಿದ್ದರೂ ಪುಸ್ತಕದಲ್ಲಿ ಅರ್ಧ ವರ್ಷ ಗೈರುಹಾಜರಿ.

"ನೋಡೇ, ಎಲ್ರಿಗೂ ಅರ್ಥ ಆಗಿದೆ," ಎಂದರು ಮೇಷ್ಟ್ರು, ತಮಗೇ ನಂಬಿಕೆಯಿಲ್ಲದ ದನಿಯಲ್ಲಿ.

ಹೆಂಡತಿ ಯಂತ್ರ ನಿಲ್ಲಿಸಿದಳು. "ರೀ, ಬೆಳಿಗ್ಗೆ ನಾನು ಹೇಳಿದ್ದು ಅರ್ಥ ಆಯ್ತಾ?"

"ಆಯ್ತಲ್ಲ."

"ಏನು ಹೇಳಿದೆ?"

ಮೇಷ್ಟ್ರು ಬಾಯಿ ತೆರೆದರು. ಬೆಳಿಗ್ಗೆ ಹೆಂಡತಿ ಏನೋ ಹೇಳಿದ್ದು ನಿಜ, ತಾವು ತಲೆಯಾಡಿಸಿದ್ದೂ ನಿಜ. ನಡುವೆ ಏನಿತ್ತು ಎನ್ನುವುದು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಕಪ್ಪು ಗುಂಡಿ, ಎರಡು ಡಜನ್. ಬರ್ತಾ ತನ್ನಿ ಅಂದಿದ್ದೆ," ಎಂದಳು ಹೆಂಡತಿ. "ಮೂವತ್ತು ವರ್ಷದಿಂದ ನಂಗೂ 'ಆಯ್ತು' ಅಂತಾನೇ ಹೇಳ್ತಿದೀರಿ. ಅದಕ್ಕೇ ನಾನು ಈ ಹುಡುಗೀರಿಗೆ ಅರ್ಥ ಆಯ್ತಾ ಅಂತ ಕೇಳೋದೇ ಇಲ್ಲ. ಚೂರು ಬಟ್ಟೆ, ಕತ್ತರಿ ಕೈಗೆ ಕೊಟ್ಟು ಸುಮ್ನೆ ನೋಡ್ತೀನಿ. ಬಾಯಿ ಸುಳ್ಳು ಹೇಳಿದ್ರೂ ಕತ್ತರಿ ಹೇಳಲ್ಲ."

ಮೇಷ್ಟ್ರು ಚೀಟಿಗಳನ್ನು ಮತ್ತೆ ಕಟ್ಟಿದರು. ಗಣಿತಕ್ಕೆ ಕತ್ತರಿ ಎಲ್ಲಿಂದ ತರುವುದು?

ಬುಧವಾರ ಒಂದು ಉಪಾಯ ಹೂಡಿದರು. ಎಲ್ಲರೂ ಬೆಂಚಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಬೇಕು. ಮೂರನೇ ಒಂದು ಭಾಗ ದೊಡ್ಡದು ಅನ್ನುವವರು ಒಮ್ಮೆ ಕೈ ಎತ್ತಬೇಕು, ನಾಲ್ಕನೇ ಒಂದು ದೊಡ್ಡದು ಅನ್ನುವವರು ಇನ್ನೊಮ್ಮೆ. ಯಾರು ಯಾವುದಕ್ಕೆ ಎತ್ತಿದರು ಅಂತ ಒಬ್ಬರಿಗೊಬ್ಬರು ಕಾಣುವ ಹಾಗಿಲ್ಲ. ಮೊದಲ ಸಲ ಏಳು ಮಕ್ಕಳು ಕೈ ಎತ್ತಿದರು. ಎರಡನೇ ಸಲ ಮೂವತ್ತೊಂದು. ತುತ್ತೂರಿಯಂತೂ ಆಗ ಖಾತ್ರಿಯಿಂದ ಎರಡೂ ಕೈ ಎತ್ತಿದ್ದ.

ಮೂರನೇ ಒಂದು ದೊಡ್ಡದು. ಅದನ್ನು ಮೇಷ್ಟ್ರು ಜೂನ್ ತಿಂಗಳಿಂದ ಹೇಳುತ್ತಿದ್ದರು. ಆ ಕೈಗಳ ಕಾಡನ್ನು ನೋಡುತ್ತಾ ನಿಂತ ಮೇಷ್ಟ್ರಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಒಂದೇ ಒಂದು ಪುಣ್ಯವೆಂದರೆ ಮಕ್ಕಳ ಕಣ್ಣು ಮುಚ್ಚಿದ್ದವು.

ಅವತ್ತು ಶಾಲೆಯಿಂದ ಸೀದಾ ಕ್ಷೌರದಂಗಡಿಗೆ ಹೋದರು. ಕ್ಷೌರಿಕ ಅವರ ಹಳೆಯ ವಿದ್ಯಾರ್ಥಿ, ಹದಿನೈದು ವರ್ಷದ ಹಿಂದೆ ಏಳನೇ ತರಗತಿ ದಾಟಿದವನು. ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಮೇಷ್ಟ್ರು ಕೇಳಿದರು: "ಏನಯ್ಯಾ, ನನ್ನ ಪಾಠ ಅರ್ಥ ಆಗ್ತಿತ್ತಾ ನಿಂಗೆ?"

"ಏನ್ ಸಾರ್ ಹೀಗೆ ಕೇಳ್ತೀರಿ! ನಿಮ್ಮಷ್ಟು ಚೆನ್ನಾಗಿ ಹೇಳ್ಕೊಡೋರು ಯಾರಿದ್ರು?"

"ಹಾಗಾದ್ರೆ ಹೇಳು. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?"

ಕ್ಷೌರಿಕನ ಕತ್ತಿ ಮೇಷ್ಟ್ರ ಗದ್ದದ ಕೆಳಗೆ ನಿಂತಿತು. ಮೇಷ್ಟ್ರು ಉಸಿರು ಬಿಗಿಹಿಡಿದರು. ಉತ್ತರ ತಪ್ಪಿದರೂ ಕೈ ತಪ್ಪದಿರಲಿ ಎಂದು ಅವರ ಪ್ರಾರ್ಥನೆ.

"ನಾಲ್ಕನೇದು," ಎಂದ ಅವನು. ಕನ್ನಡಿಯಲ್ಲಿ ಮೇಷ್ಟ್ರ ಮುಖ ನೋಡಿ, "ಮೂರನೇದಾ?" ಎಂದ. ಆಮೇಲೆ ಕತ್ತಿ ಕೆಳಗಿಟ್ಟು ನಕ್ಕುಬಿಟ್ಟ. "ನಿಜ ಹೇಳ್ಲಾ ಸಾರ್? ಬೈಯಬಾರ್ದು. ನಮಗೆ ಅದು ನಮ್ಮಣ್ಣ ಹೇಳ್ಕೊಟ್ಟಿದ್ದ. ನೀವು ಕರ್ಚೀಫು ತೆಗೆದು ಬೆರಳು ಒರೆಸಿದ ತಕ್ಷಣ ಎಲ್ರೂ ಗಟ್ಟಿಯಾಗಿ 'ಆಯ್ತು ಸಾರ್' ಅನ್ಬೇಕು. ಅವನಿಗೆ ಅವನ ಹಿಂದಿನ ಕ್ಲಾಸೋರು ಹೇಳಿದ್ರಂತೆ."

"ಯಾಕೆ?"

"ಆಗ್ಲಿಲ್ಲ ಅಂದ್ರೆ ನೀವು ಅದೇ ಲೆಕ್ಕಾನ ಮೊದಲಿಂದ ಶುರು ಮಾಡ್ತಿದ್ರಿ. ಅದೇ ಮಾತು, ಸ್ವಲ್ಪ ಜೋರಾಗಿ. ಯಾರೋ ಒಬ್ಬ ಹಿಂದೆ ಯಾವತ್ತೋ 'ಆಗ್ಲಿಲ್ಲ' ಅಂದಿದ್ನಂತೆ. ಇಡೀ ಕ್ಲಾಸಿನ ಆಟದ ಪೀರಿಯಡ್ಡು ಹೋಯ್ತಂತೆ. ಅವನಿಗೆ ಆಮೇಲೆ ಮೈದಾನದಲ್ಲಿ ಏನಾಯ್ತು ಅನ್ನೋದು ಮಾತ್ರ ಇವತ್ತಿಗೂ ಯಾರೂ ಮರೆತಿಲ್ಲ."

ಮೇಷ್ಟ್ರು ಅರ್ಧ ಮುಖದ ನೊರೆಯೊಂದಿಗೆ ಕನ್ನಡಿಯನ್ನೇ ನೋಡುತ್ತಾ ಕೂತರು. ಆ ಹುಡುಗ ಅವರಿಗೂ ನೆನಪಿದ್ದ. ಪೆಂಗ ಅಂತ ಬೈದಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರ ತರಗತಿಯಲ್ಲಿ ಎಲ್ಲರಿಗೂ ಚೆನ್ನಾಗಿ ಅರ್ಥವಾದ ಪಾಠ, ಕರವಸ್ತ್ರ ಕಂಡರೆ 'ಆಯ್ತು' ಅನ್ನುವುದೊಂದೇ. ಅದನ್ನೂ ಮಕ್ಕಳೇ ಮಕ್ಕಳಿಗೆ ಕಲಿಸಿದ್ದರು.

ಮನೆಗೆ ಬಂದವರೇ ಹೆಂಡತಿಯ ಚಿಂದಿ ಬುಟ್ಟಿಯ ಮುಂದೆ ಕೂತರು. "ಒಂದೇ ಉದ್ದದ ಪಟ್ಟಿ ಬೇಕು ಕಣೇ. ಎಂಬತ್ತು." ಹೆಂಡತಿ ಅಸ್ತರಿನ ಬಿಳಿ ಬಟ್ಟೆ ಹಾಸಿ, ಟೇಪು ಹಿಡಿದು, ಗೇಣಗಲ, ಮೊಳದುದ್ದದ ಪಟ್ಟಿಗಳನ್ನು ಸರಸರ ಕತ್ತರಿಸಿ ಕೊಟ್ಟಳು.

ಗುರುವಾರ ಮೇಷ್ಟ್ರು ಬೋರ್ಡಿಗೆ ಬೆನ್ನು ಹಾಕಿ ನಿಂತರು. "ಇವತ್ತಿಂದ ಕೆಂಪು ಎತ್ತಿದ್ರೆ ಆಟದ ಪೀರಿಯಡ್ಡು ಹೋಗಲ್ಲ. ಅದು ನನ್ನ ಮಾತು. ನಾನು ಮತ್ತೆ ಅದನ್ನೇ ಜೋರಾಗಿ ಹೇಳಲ್ಲ, ಬೇರೆ ಥರ ಹೇಳ್ತೀನಿ." ಮಕ್ಕಳು ಅನುಮಾನದಿಂದ ನೋಡಿದರು. ಇಂಥ ಮಾತು ಅವರು ಬಹಳ ಕೇಳಿದ್ದರು. ಮೇಷ್ಟ್ರು ಪಟ್ಟಿ ಹಂಚಿ, "ಮೂರು ಭಾಗವಾಗಿ ಮಡಚಿ," ಎಂದು ಹೇಳಿ, ಹೆಂಡತಿಯ ಹಾಗೆ ಸುಮ್ಮನೆ ಬೆಂಚುಗಳ ನಡುವೆ ನಡೆದರು.

ಆಗ ಕಂಡಿತು ರೋಗದ ಮೂಲ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಪಟ್ಟಿಯನ್ನು ಮೊದಲು ಅರ್ಧಕ್ಕೆ ಮಡಚಿದರು. ಆಮೇಲೆ ಒಂದು ಅರ್ಧವನ್ನು ಮತ್ತೆ ಅರ್ಧ ಮಾಡಿದರು. ಬಿಚ್ಚಿದರೆ ಒಂದು ದೊಡ್ಡ ಭಾಗ, ಎರಡು ಸಣ್ಣ ಭಾಗ. "ಮೂರು ಭಾಗ ಸಾರ್!" ಎಂದು ತುತ್ತೂರಿ ಪಟ್ಟಿ ಎತ್ತಿ ತೋರಿಸಿದ. ಎಣಿಸಿದರೆ ಮೂರೇ. ಭಾಗಗಳು ಸಮನಾಗಿರಬೇಕು ಎನ್ನುವುದು ಆ ಮಕ್ಕಳ ತಲೆಗೆ ಹೋಗಿರಲೇ ಇಲ್ಲ. ಮೇಷ್ಟ್ರೂ ಅದು ತಾನಾಗಿ ಹೋಗಿರುತ್ತದೆ ಅಂದುಕೊಂಡು ಜೂನ್ ತಿಂಗಳಲ್ಲೇ ದಾಟಿ ಹೋಗಿದ್ದರು.

"ಯಾರೂ ತಪ್ಪು ಅನ್ಬೇಡಿ," ಎಂದರು ಮೇಷ್ಟ್ರು. "ಪಕ್ಕದವರ ಪಟ್ಟಿ ನೋಡಿ ಒಂದೇ ಒಂದು ಪ್ರಶ್ನೆ ಕೇಳಿ: ಮೂರೂ ಒಂದೇ ಅಳತೆನಾ?" ಹತ್ತು ನಿಮಿಷ ತರಗತಿ ಸಂತೆಯಾಯಿತು. ಕೊನೆಗೆ ಪಿಸುಮಾತು ಯಾರಿಗೂ ಕೇಳಿಸದ ಹಾಗೆ ಏನೋ ಹೇಳಿ, ಪಟ್ಟಿಯನ್ನು ಲಕೋಟೆಗೆ ಹಾಕುವ ಕಾಗದದ ಹಾಗೆ ಈ ಕಡೆಯಿಂದೊಂದು, ಆ ಕಡೆಯಿಂದೊಂದು ಮಡಚಿ ತೋರಿಸಿದಳು. ಮೂರೂ ಸಮ. ಅದನ್ನು ನೋಡಿ ಎಲ್ಲರೂ ಮಡಚಿದರು. ಇನ್ನೊಂದು ಪಟ್ಟಿಯನ್ನು ನಾಲ್ಕು ಭಾಗವಾಗಿ ಮಡಚಿ ಪಕ್ಕದಲ್ಲಿಟ್ಟು ನೋಡಿದಾಗ ತುತ್ತೂರಿ "ಅರೇ, ಮೂರನೇದೇ ದೊಡ್ಡದು!" ಎಂದು ಕಿರುಚಿದ. ಪಕ್ಕದ ತರಗತಿಯವರು ಏನೋ ಆಯಿತೆಂದು ಇಣುಕಿ ನೋಡಿದರು.

ಮೇಷ್ಟ್ರು ಹಿಗ್ಗಿದರು. ಆದರೆ ಚೀಟಿಯಲ್ಲಿ "ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿಸಿದರೆ ಎಷ್ಟು?" ಎಂದು ಕೇಳಿದ್ದಕ್ಕೆ ಮೂವತ್ತಾರು ಮಕ್ಕಳು "ಏಳರಲ್ಲಿ ಎರಡು" ಎಂದು ಬರೆದಿದ್ದರು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಕೈ ತೊಳೆದುಕೊಂಡಿದ್ದರು. ದಾರಿ ಇನ್ನೂ ದೂರವಿತ್ತು, ತಪಾಸಣೆ ಬೆಳಗಾದರೆ ಇತ್ತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಹೆಂಡತಿಗೆ ಹೇಳಿದರು: "ಇವತ್ತು ಜೇಬಲ್ಲಿ ಕರವಸ್ತ್ರ ಇಡ್ಬೇಡ." ಯಂತ್ರ ಗಡಗಡ ಓಡುತ್ತಿತ್ತು, ಹೆಂಡತಿಯ ಬಾಯಿಯಲ್ಲಿ ನಾಲ್ಕು ಗುಂಡುಸೂಜಿ ಇದ್ದವು. "ಹೂಂ, ಆಯ್ತು," ಎಂದಳು. ಮೇಷ್ಟ್ರು ನಿಶ್ಚಿಂತೆಯಿಂದ ಸ್ನಾನಕ್ಕೆ ಹೋದರು. ಆಕೆ ಎಂದಿನಂತೆ ಎದ್ದು, ಎಂದಿನಂತೆ ಇಸ್ತ್ರಿ ಮಾಡಿದ ಕರವಸ್ತ್ರವನ್ನು ಎಂದಿನ ಜೇಬಿಗೇ ಇಟ್ಟಳು.

ತಪಾಸಣೆಯ ಮೇಡಂ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮಂಡಿ ಮಡಚಿ ಕೂತರು. ಬಾಗಿಲ ಬಳಿ ಹೆಡ್‌ಮಿಸ್ಸು. ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. ಏನೂ ಯೋಚಿಸದೆ ಕೈ ಜೇಬಿಗೆ ಹೋಯಿತು, ಕರವಸ್ತ್ರ ಹೊರಗೆ ಬಂತು, ಹಣೆಯ ಜೊತೆಗೆ ಅಭ್ಯಾಸಬಲದಿಂದ ಬೆರಳುಗಳನ್ನೂ ಒರೆಸಿತು.

"ಆಯ್ತು ಸಾರ್!" ಎಂದಿತು ಇಡೀ ತರಗತಿ.

ಬೋರ್ಡಿನ ಮೇಲೆ ಇನ್ನೂ ಒಂದು ಅಕ್ಷರ ಬಿದ್ದಿರಲಿಲ್ಲ. ತಪಾಸಣೆಯ ಮೇಡಂ ಕನ್ನಡಕದ ಮೇಲಿಂದ ನೋಡಿ ಕಡತದಲ್ಲಿ ಏನೋ ಗೀಚಿದರು. ಹೆಡ್‌ಮಿಸ್ಸು ಕಣ್ಣು ಮುಚ್ಚಿದರು. ಮೇಷ್ಟ್ರ ಕಣ್ಣ ಮುಂದೆ ಒಂಟಿಗೈ ಅಸ್ಥಿಪಂಜರ ಬಂದು ನಿಂತು ಬಾ ಬಾ ಎಂದಿತು.

ಹೇಗೋ ಸಾವರಿಸಿಕೊಂಡು ಬೋರ್ಡಿನ ಮೇಲೆ ಮೂರನೇ ಒಂದು, ನಾಲ್ಕನೇ ಒಂದು ಬರೆದು ನಡುವೆ ಕೂಡಿಸುವ ಗುರುತು ಹಾಕಿದರು. "ಇದನ್ನ ಮಾಡೋಕೆ ಬರುತ್ತಾ? ಯಾವ ಕಾರ್ಡು ಎತ್ತುತ್ತೀರೋ ಎತ್ತಿ."

ಮೂವತ್ತೆಂಟು ಹಸಿರು.

ತಪಾಸಣೆಯ ಮೇಡಂ ಮುಖ ಅರಳಿತು. ಹೆಡ್‌ಮಿಸ್ಸು ಉಸಿರು ಬಿಟ್ಟರು. ಮೇಷ್ಟ್ರು ತುತ್ತೂರಿಯ ಕಡೆ ನೋಡಿದರು. ನಿನ್ನೆ ಏಳರಲ್ಲಿ ಎರಡು ಎಂದು ಬರೆದವನು ಹಸಿರು ಕಾರ್ಡನ್ನು ತಲೆಗಿಂತ ಎತ್ತರ ಹಿಡಿದು, ಕಣ್ಣಲ್ಲೇ 'ಹೆದರ್ಬೇಡಿ ಸಾರ್, ನಾವಿದೀವಿ' ಎನ್ನುತ್ತಿದ್ದ. ಶಾಲೆಯಲ್ಲಿ ಯಾವ ಸುದ್ದಿ ತಾನೇ ಮುಚ್ಚಿಡಲು ಸಾಧ್ಯ? ಉಪಕರಣದ ಕೋಣೆಯ ವಿಷಯ ಮಕ್ಕಳಿಗೆ ಗೊತ್ತಾಗಿತ್ತು. ಅವರು ಸೇರಿ ಮಾತಾಡಿಕೊಂಡು, ತಮ್ಮ ಮೇಷ್ಟ್ರನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದರು.

ಇಷ್ಟು ಪ್ರೀತಿ ಇದೆಯೆಂದು ಮೇಷ್ಟ್ರಿಗೆ ತಿಳಿದಿರಲಿಲ್ಲ. ಈಗ ಸುಮ್ಮನಿದ್ದರೆ ಸಾಕಿತ್ತು, ತರಗತಿ ಅವರದೇ. ಆದರೆ ಆ ಮಕ್ಕಳು ಮುಂದಿನ ವರ್ಷ ಬೇರೆಯವರ ಕರವಸ್ತ್ರ ನೋಡುತ್ತಾ ಕೂರುತ್ತಾರೆ, ಹದಿನೈದು ವರ್ಷದ ಮೇಲೆ ಯಾರದೋ ಗದ್ದದ ಕೆಳಗೆ ಕತ್ತಿ ಹಿಡಿದು 'ನಾಲ್ಕನೇದಾ, ಮೂರನೇದಾ' ಎನ್ನುತ್ತಾರೆ. ಸಾಧ್ಯವಿಲ್ಲ ಅನ್ನಿಸಿತು. ಕರವಸ್ತ್ರವನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರು.

"ಕಾರ್ಡು ಕೆಳಗಿಡಿ ಮಕ್ಕಳೇ. ಮೇಡಂ, ಇವರು ನನ್ನ ಮೇಲಿನ ಅಭಿಮಾನಕ್ಕೆ ಹಸಿರು ಎತ್ತಿದಾರೆ. ನಿನ್ನೆ ಮೂವತ್ತಾರು ಜನಕ್ಕೆ ಇದು ಬರ್ತಿರ್ಲಿಲ್ಲ. ಪಿಸುಮಾತು, ಎಲ್ಲರಿಗೂ ಪಟ್ಟಿ ಕೊಡು. ಒಂದನ್ನ ಮೂರು ಭಾಗ ಮಾಡಿ, ಒಂದನ್ನ ನಾಲ್ಕು ಭಾಗ ಮಾಡಿ."

ಹೆಡ್‌ಮಿಸ್ಸು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಪಿಸುಮಾತು ಎಲ್ಲರಿಗೂ ಎಂದರೆ ಎಲ್ಲರಿಗೂ ಎಂದೇ ತಿಳಿದ ಹುಡುಗಿ. ತಪಾಸಣೆಯ ಮೇಡಂ ಮುಂದೆಯೂ ಎರಡು ಪಟ್ಟಿ ಇಟ್ಟಳು. ಅವರಿಗೆ ಬೇಡವೆನ್ನಲು ಆಗಲಿಲ್ಲ. ಒಂದು ಪಟ್ಟಿ ಎತ್ತಿಕೊಂಡು ಅರ್ಧಕ್ಕೆ ಮಡಚಿದರು. ಆಮೇಲೆ ಒಂದು ಅರ್ಧವನ್ನು ಮತ್ತೆ ಅರ್ಧಕ್ಕೆ ಮಡಚಿದರು. ಬಿಚ್ಚಿ ನೋಡಿ, ಮೂರು ಭಾಗ ಎಣಿಸಿ, ಸಮಾಧಾನದಿಂದ ಬೆಂಚಿನ ಮೇಲಿಟ್ಟರು.

ಪಿಸುಮಾತು ಅಲ್ಲೇ ನಿಂತಿದ್ದಳು. ಒಮ್ಮೆ ಮೇಷ್ಟ್ರ ಕಡೆ ನೋಡಿದಳು. ನಿಯಮ ನಿಯಮವೇ.

"ಮೇಡಂ, ಮೂರೂ ಒಂದೇ ಅಳತೆನಾ?"

ಆ ವರ್ಷ ಅವಳ ದನಿ ಮೊದಲ ಬಾರಿ ಕೊನೆಯ ಬೆಂಚಿನಿಂದ ಬೋರ್ಡಿನ ತನಕ ಕೇಳಿಸಿತು. ತಪಾಸಣೆಯ ಮೇಡಂ ಪಟ್ಟಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು. ಅವರ ಕಿವಿ ಕೆಂಪಾದವು. "ಇಲ್ಲ," ಎಂದರು ಮೆಲ್ಲಗೆ. "ಹೇಗೆ ಮಾಡ್ಬೇಕು?"

"ಕಾಗದ ಲಕೋಟೆಗೆ ಹಾಕೋ ಥರ ಮೇಡಂ."

ಜೀವಮಾನವೆಲ್ಲ ಸುತ್ತೋಲೆ ಮಡಚಿ ಲಕೋಟೆಗೆ ಹಾಕಿದವರಿಗೆ ಅಷ್ಟು ಸಾಕಾಯಿತು.

ಆಮೇಲೆ ಮೇಷ್ಟ್ರು ಒಂದು ಮೂರನೇ ಭಾಗ, ಒಂದು ನಾಲ್ಕನೇ ಭಾಗ ತುದಿಗೆ ತುದಿ ಸೇರಿಸಿ ಪಕ್ಕದವರ ಇಡೀ ಪಟ್ಟಿಯ ಮೇಲಿಟ್ಟು ನೋಡಿ ಎಂದರು. ಸ್ವಲ್ಪ ಹೊತ್ತು ಗುಜುಗುಜು. ತುತ್ತೂರಿ ಎದ್ದು ನಿಂತ. "ಸಾರ್, ಎರಡೂ ಸೇರಿದ್ರೆ ಅರ್ಧಕ್ಕಿಂತ ಜಾಸ್ತಿ ಬರುತ್ತೆ. ಆದ್ರೆ ಏಳರಲ್ಲಿ ಎರಡು ಅಂದ್ರೆ ಅರ್ಧಾನೂ ಇಲ್ವಲ್ಲ!" ಹೇಳುತ್ತಾ ಹೇಳುತ್ತಾ ಅವನ ಮುಖ ಬಿಳುಚಿತು. ತನ್ನ ಉತ್ತರವನ್ನು ತಾನೇ ಬೀಳಿಸಿದ್ದ. ಜೇಬಿಗೆ ಕೈಹಾಕಿ, ಎಲ್ಲರ ಮುಂದೆ, ನಿಧಾನವಾಗಿ ಕೆಂಪು ಕಾರ್ಡು ಎತ್ತಿದ. ಅವನ ಹಿಂದೆ ಇನ್ನೊಂದು ಎದ್ದಿತು. ನಂತರ ಹತ್ತು, ಇಪ್ಪತ್ತು. ಎಣಿಸುವ ಮೊದಲೇ ಗಂಟೆ ಹೊಡೆಯಿತು. ಮುಂದಿನದು ಆಟದ ಪೀರಿಯಡ್ಡು.

ಮೂವತ್ತೆಂಟು ಜೊತೆ ಕಣ್ಣು ಮೇಷ್ಟ್ರ ಮೇಲೆ. ಉತ್ತರ ಬಂದಿಲ್ಲ, ಲೆಕ್ಕ ಅರ್ಧಕ್ಕೆ ನಿಂತಿದೆ, ಕೊನೆಯ ಬೆಂಚಿನಲ್ಲಿ ಕಡತ ತೆರೆದು ಕೂತಿದೆ. ಇನ್ನು ಹತ್ತೇ ನಿಮಿಷ ಸಿಕ್ಕರೆ ಮುಗಿಸಿಬಿಡಬಹುದಿತ್ತು.

"ಆಟಕ್ಕೆ ಹೋಗಿ," ಎಂದರು ಮೇಷ್ಟ್ರು. "ಮಾತು ಕೊಟ್ಟಿದೀನಿ."

ಅರ್ಧ ಗಂಟೆಯ ನಂತರ ಹೆಡ್‌ಮಿಸ್ಸಿನ ಕೋಣೆಯಲ್ಲಿ ತಪಾಸಣೆಯ ಮೇಡಂ ವರದಿ ಓದಿದರು: "ಸದರಿ ತರಗತಿಯಲ್ಲಿ ಗ್ರಹಿಕೆಯ ಅಪೂರ್ಣತೆಯ ಪ್ರಕಟೀಕರಣವು ಖಚಿತೀಕರಣದ ಆಶಯಕ್ಕೆ ಅನುಗುಣವಾಗಿದ್ದು, ಬೋಧಕರ ನಿಯೋಜನೆಯಲ್ಲಿ ವ್ಯತ್ಯಯದ ಅಗತ್ಯವು ಉದ್ಭವಿಸತಕ್ಕದ್ದಲ್ಲವೆಂದು ಅಭಿಪ್ರಾಯಿಸಲಾಗಿದೆ. ಅರ್ಥ ಆಯ್ತಾ ಮೇಷ್ಟ್ರೇ?"

'ಆಯ್ತು ಮೇಡಂ' ಎನ್ನುವುದು ಮೇಷ್ಟ್ರ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡರು. ಹಂಚಿ ಉಳಿದಿದ್ದ ಕೆಂಪು ಕಾರ್ಡೊಂದನ್ನು ಜೇಬಿನಿಂದ ತೆಗೆದು ಎತ್ತಿ ಹಿಡಿದರು.

ಹೆಡ್‌ಮಿಸ್ಸು ಗುಂಡುಸೂಜಿ ಎಣಿಸುವುದನ್ನು ನಿಲ್ಲಿಸಿದರು. ತಪಾಸಣೆಯ ಮೇಡಂ ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು. ಆಮೇಲೆ ನಕ್ಕರು. "ಈ ಭಾಷೆ ನಮಗೆ ಮೇಲಿನಿಂದ ಬರೋದು. ಸೋಮವಾರ ನಿಮಗೆ ಓದಿದ್ನಲ್ಲ, ಅದನ್ನ ನಮಗೆ ಓದಿ ಅರ್ಥ ಆಯ್ತಾ ಅಂದಾಗ ನಾವೂ ಎಲ್ರೂ ಆಯ್ತು ಸಾರ್ ಅಂದು ಎದ್ದು ಬಂದ್ವಿ." ಹಾಳೆಯನ್ನು ಮೇಜಿನ ಮೇಲಿಟ್ಟು, ಸಾವಕಾಶವಾಗಿ ಮೂರು ಸಮ ಭಾಗ ಮಾಡಿ ಮಡಚಿದರು. "ಬೇರೆ ಥರ ಹೇಳ್ತೀನಿ. ನಿಮ್ಮ ಕ್ಲಾಸು ನಿಮ್ಮದೇ."

ಮೇಷ್ಟ್ರು ಹೊರಗೆ ಬಂದರೆ ಬಾಗಿಲ ಪಕ್ಕದಲ್ಲೇ ತುತ್ತೂರಿ, ಪಿಸುಮಾತು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಆಟ ಬಿಟ್ಟು ಬಂದಿದ್ದರು. ತುತ್ತೂರಿಯ ದನಿ ಸತ್ತೇ ಹೋಗಿತ್ತು.

"ಸಾರ್, ಏನಂದ್ರು?"

"ನಾನು ಎಲ್ಲೂ ಹೋಗಲ್ಲ ಕಣ್ರೋ," ಎಂದರು ಮೇಷ್ಟ್ರು. ಕಣ್ಣು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಕರವಸ್ತ್ರ ಇರಲಿಲ್ಲ. ಅಂಗಿಯ ತೋಳಲ್ಲೇ ಒರೆಸಿಕೊಂಡರು. "ಅರ್ಥ ಆಯ್ತಾ?"

"ಆಯ್ತು ಸಾರ್," ಎಂದಳು ಪಿಸುಮಾತು.

ಮೇಷ್ಟ್ರು ಹೊರಟವರು ತಿರುಗಿ ನಿಂತರು. "ಏನು ಅರ್ಥ ಆಯ್ತು, ಹೇಳು ನೋಡೋಣ."

ಹುಡುಗಿ ಒಂದು ಗಳಿಗೆ ಯೋಚಿಸಿದಳು. "ನಾಳೆನೂ ಭಿನ್ನರಾಶಿನೇ."

ತುತ್ತೂರಿ ಜೇಬಿಗೆ ಕೈ ಹಾಕಿ ಕೆಂಪು ಕಾರ್ಡು ಎತ್ತಿದ. ಇಪ್ಪತ್ತಾರು ವರ್ಷದಲ್ಲಿ ಕೇಳಿದ ಯಾವ 'ಆಯ್ತು ಸಾರ್'ಗೂ ಮೇಷ್ಟ್ರಿಗೆ ಅಷ್ಟು ಸಂತೋಷವಾಗಿರಲಿಲ್ಲ.